ಬಸಿಯಿಲ್ಲದ ಚಹಾ

ಗಂಡ ಬೇರೆಯಾಗಿ ಹೌನ್ಸ್ಲೋಗೆ ಹೋದ ಮೇಲೆ, ಹೇಸ್‌ನ ಮನೆಯಲ್ಲಿ ನಾನೊಬ್ಬಳೇ ಇರುವುದೆಂದು ಕೌನ್ಸಿಲ್ ಟ್ಯಾಕ್ಸಿನಲ್ಲಿ, ಅಂದರೆ ಇಲ್ಲಿನ ಮನೆ ತೆರಿಗೆಯಲ್ಲಿ, ರಿಯಾಯಿತಿ ಸಿಗುತ್ತಿತ್ತು. ಎರಡು ವರ್ಷದ ನಂತರ ಅವರು ಶನಿವಾರ ಬರತೊಡಗಿದರು, ಆಮೇಲೆ ಭಾನುವಾರವೂ ಉಳಿದರು, ಕೊನೆಗೆ ಹೋಗುವುದನ್ನೇ ಬಿಟ್ಟರು. ಇದನ್ನು ಕೌನ್ಸಿಲ್‌ಗೆ ತಿಳಿಸಬೇಕಲ್ಲ! ಆನ್‌ಲೈನ್ ಫಾರ್ಮ್ ತೆರೆದರೆ ಮೊದಲ ಪ್ರಶ್ನೆಯೇ, ಇನ್ನೊಬ್ಬರು ಯಾವ ತಾರೀಖಿನಿಂದ ವಾಸವಾಗಿದ್ದಾರೆ?

"ಸೂಟ್‌ಕೇಸ್ ತಂದ ದಿನಾ ಬರಿ," ಅಂದರು.

"ತಂದ್ರೇನಾತು? ತಿಂಗಳಗಟ್ಟಲೆ ಅದರ ಬೀಗಾ ತಗದಿಲ್ಲ ನೀವು," ಎಂದು ರೇಗಿದೆ.

ನಮ್ಮ ಧಾರವಾಡದ ಮನೆಯಲ್ಲಿ ಬಂದವರಿಗೆ ಚಹಾ ಕಪ್ಪು-ಬಸಿಯಲ್ಲಿ, ಅಂದರೆ ಕಪ್ಪು-ಸಾಸರಿನಲ್ಲಿ; ಮನೆಯವರಿಗೆ ಸ್ಟೀಲ್ ಲೋಟದಲ್ಲಿ. ಸಿಟ್ಟು ಇಳಿಯದ ನಾನು ಅವರಿಗೆ ಕಪ್ಪು-ಬಸಿಯಲ್ಲೇ ಕೊಡುತ್ತಿದ್ದೆ. ಅವರೂ ಬೀಗರ ಮನೆಗೆ ಬಂದವರಂತೆ ಸೋಫಾದ ತುದಿಯಲ್ಲಿ ಕುಳಿತು ಕುಡಿಯುತ್ತಿದ್ದರು. ಒಂದು ಬೆಳಿಗ್ಗೆ ಆಫೀಸಿನ ಗಡಿಬಿಡಿಯಲ್ಲಿ ಲೋಟಕ್ಕೇ ಸುರಿದು ಕೊಟ್ಟುಬಿಟ್ಟಿದ್ದೆ. ಅವರು ಗಮನಿಸಿಯೇ ಇಲ್ಲವೆಂದುಕೊಂಡಿದ್ದೆ.

"ಲೋಟದಾಗ ಚಹಾ ಕೊಟ್ಟ ದಿನಾನ ಖರೆ," ಅಂದೆ. "ಆದರ ಆ ತಾರೀಖು ಯಾರಿಗೆ ನೆನಪೈತಿ?"

ಅವರು ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ನಮ್ಮ ಅಡುಗೆಕಟ್ಟೆಯ ಮೇಲೆ ಅದೇ ಸ್ಟೀಲ್ ಲೋಟ. ಮೇಲೆ ತಾರೀಖು, ಬೆಳಗಿನ ಏಳೂವರೆ. ನಾನು ನಗುತ್ತಲೇ ಅದನ್ನು ಫಾರ್ಮಿಗೆ ತುಂಬಿ, ರಿಯಾಯಿತಿ ಕಳೆದುಕೊಂಡೆ. ಆಮೇಲೆ ಫೋಟೋವನ್ನು ಇನ್ನೊಮ್ಮೆ ನೋಡಿದೆ. ಲೋಟದಿಂದ ಹಬೆ ಏಳುತ್ತಿತ್ತು. ಅವರಿನ್ನೂ ಒಂದು ಗುಟುಕೂ ಕುಡಿದಿರಲಿಲ್ಲ.