ಕೋರೆಮೂಲೆಯ ಏಳನೇ ಬೆಡಿ

ಎರಡು ವಾರದ ಹಿಂದೆ, ಮಧ್ಯಾಹ್ನ ಹನ್ನೆರಡೂವರೆಗೆ, ಒಬ್ಬ ಅಜ್ಜ ಕೆಂಪು ಬಾವುಟ ಅಡ್ಡ ಹಿಡಿದು ನನ್ನ ಬೈಕ್ ನಿಲ್ಲಿಸಿದರು. ಬಾಯಲ್ಲಿ ಸೀಟಿ, ಕಾಲಲ್ಲಿ ಹವಾಯಿ ಚಪ್ಪಲಿ.

“ಎಂತ ಅಜ್ಜ, ರಸ್ತೆ ಕೆಲಸವಾ?”

“ಅಲ್ಲ, ಬೆಡಿ ಉಂಟು. ಎರಡು ನಿಮಿಷ ನಿಲ್ಲಿ.”

ಬಂಡೆಗೆ ಕುಳಿ ಕೊರೆದು, ಮದ್ದು ತುಂಬಿಸಿ ಸಿಡಿಸುವುದಕ್ಕೆ ನಮ್ಮ ಕಡೆ ಬೆಡಿ ಎನ್ನುತ್ತಾರೆ. ಸರಿ, ನಿಂತೆ. ನನ್ನ ಹಿಂದೆ ಒಂದು ರಿಕ್ಷಾ ನಿಂತಿತು. ಅದರ ಹಿಂದೆ ಹಾಲಿನ ಕ್ಯಾನ್ ಹೊತ್ತ ಸ್ಕೂಟರ್. ಯಾರೂ ಹಾರ್ನ್ ಹಾಕಲಿಲ್ಲ. ಎರಡು ನಿಮಿಷ ಕಳೆಯಿತು. ಏನೂ ಸಿಡಿಯಲಿಲ್ಲ. ಅಜ್ಜ ಉದ್ದಕ್ಕೆ ಒಂದು ಸೀಟಿ ಊದಿ, ಬಾವುಟ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

“ಇವತ್ತೂ ಆಗ್ಲಿಲ್ಲ.”

“ಎಷ್ಟು ದಿನದಿಂದ ಹೀಗೆ?”

“ಹನ್ನೊಂದು ವರ್ಷ ಆಯ್ತು.”

(ಸರಿಯಾಗಿಯೇ ಓದಿದ್ದೀರಿ. ಹನ್ನೊಂದು ವರ್ಷ.)

“ಅಲ್ಲ ಅಜ್ಜ, ಸಿಡಿಯುದಾದ್ರೆ ಹನ್ನೆರಡೂವರೆಗೇ ಸಿಡೀಬೇಕು ಅಂತ ಉಂಟಾ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬೆಡಿಯ ಟೈಮ್ ಅದೇ ಅಲ್ವಾ ಮಾರಾಯ?”

ಹಳೇ ಕೋರೆ, ಹಳೇ ಸೇತುವೆ, ಹಳೇ ಮೈಲುಗಲ್ಲು ಎಂದರೆ ನನಗೆ ಹುಚ್ಚು. ನಿಮಗೆ ಗೊತ್ತೇ ಇದೆ. ಹಳೇ ಪಂಪ್‌ಸೆಟ್ಟುಗಳ ಬಗ್ಗೆ ನಾಲ್ಕು ವಾರ ಬರೆದಾಗ ನೀವೇ ಬೈದಿದ್ದಿರಿ. ಹಾಗಾಗಿ ನಾನು ಹೊರಟಿದ್ದ ದಾರಿ ಬಿಟ್ಟು, ಅದೇ ಊರಿನಲ್ಲಿರುವ ಚಿಕ್ಕಮ್ಮನ ಮನೆಗೆ ಬೈಕ್ ತಿರುಗಿಸಿದೆ. ಊರು ಬೆಳ್ಳಾರೆಯಿಂದ ಒಳಗೆ. ಕೋರೆಮೂಲೆ ಎಂದಿಟ್ಟುಕೊಳ್ಳಿ. (ನಿಜವಾದ ಹೆಸರು ಹೇಳುವುದಿಲ್ಲ. ಎರಡೂ ಪಕ್ಷದವರು ಈ ಪತ್ರಿಕೆ ಓದುತ್ತಾರೆ.)

ಯಾವ ಪಕ್ಷ? ಅದೇ ಕಥೆ.

ಕೋರೆಮೂಲೆ ಹುಟ್ಟಿದ್ದೇ ಕರಿಕಲ್ಲಿನ ಕೋರೆಯಿಂದ. ಗುಡ್ಡದ ಬದಿ ಕಡಿದು ಜಲ್ಲಿ ಮಾಡುತ್ತಿದ್ದರು. ಕೋರೆ ಇದ್ದಾಗ ಎರಡು ಹೋಟೆಲ್, ಒಂದು ಕ್ಷೌರದಂಗಡಿ, ಸಂಜೆಗೆ ಮೀನಿನ ರಿಕ್ಷಾ. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಬೆಡಿ. ಅದಕ್ಕೂ ಐದು ನಿಮಿಷ ಮೊದಲು ಪ್ರತಿ ಮನೆಯಲ್ಲೂ ಗಾಜಿನ ಲೋಟ, ಪಿಂಗಾಣಿ ತಟ್ಟೆಗಳನ್ನೆಲ್ಲ ಕೆಳಗೆ ಇಳಿಸುತ್ತಿದ್ದರು. ಮತ್ತೆ ಎಣಿಕೆ. ಎಷ್ಟು ಕುಳಿಗೆ ಮದ್ದು ತುಂಬಿಸಿದ್ದಾರೋ ಅಷ್ಟು ಸದ್ದು ಕೇಳಬೇಕು. ಒಂದು ಕಡಿಮೆಯಾದರೂ ಯಾರೂ ಬಂಡೆಯ ಹತ್ತಿರ ಹೋಗುವಂತಿಲ್ಲ. ಯಾಕೆಂದರೆ ಆ ಒಂದು ಇನ್ನೂ ಒಳಗೇ ಕೂತಿದೆ.

ಹಾಗಾಗಿ ಊರಿಗೆ ಊರೇ ಬೆರಳು ಮಡಚಿ ಎಣಿಸುತ್ತಿತ್ತು. ಮಕ್ಕಳು ಲೆಕ್ಕ ಕಲಿತದ್ದು ಶಾಲೆಯಲ್ಲಲ್ಲ, ಬೆಡಿಯಲ್ಲಿ.

ಹನ್ನೊಂದು ವರ್ಷದ ಹಿಂದೆ, ಕೋರೆ ಮುಚ್ಚುವ ಕೊನೆಯ ದಿನ ತುಂಬಿಸಿದ್ದು ಏಳು ಕುಳಿ. ಸದ್ದು ಎಷ್ಟು ಕೇಳಿತು?

ಇಲ್ಲಿಂದ ಊರು ಎರಡು ಭಾಗ.

ರಸ್ತೆಯಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸದಲ್ಲಿದ್ದ ಶೀನಣ್ಣನಿಗೆ (ನನ್ನ ಬೈಕ್ ನಿಲ್ಲಿಸಿದ ಅಜ್ಜ ಅವರೇ) ಕೇಳಿದ್ದು ಆರು. ಚಿಕ್ಕಪ್ಪನಿಗೆ ಕೇಳಿದ್ದು ಏಳು. ಮದ್ದು ತುಂಬಿಸಿದ ಮೇಸ್ತ್ರಿ ಮರುದಿನವೇ ತಮಿಳುನಾಡಿಗೆ ಹೋದರು. ನಂಬರ್ ಯಾರ ಹತ್ತಿರವೂ ಇಲ್ಲ. ಇಲಾಖೆಗೆ ಅರ್ಜಿ ಹಾಕಿದ್ದಕ್ಕೆ, “ಸಿಡಿಯದೆ ಉಳಿದಿರುವ ಮದ್ದಿನ ಫೋಟೋ ಲಗತ್ತಿಸಿ” ಎಂದು ಉತ್ತರ ಬಂದಿತ್ತಂತೆ. ಹತ್ತಿರ ಹೋಗಿ ಫೋಟೋ ತೆಗೆಯುವವರು ಯಾರು?

ಊಟಕ್ಕೆ ಕೂತಾಗ ನಾನು ಸುಮ್ಮನೆ ಕೇಳಿದೆ. ಕೇಳಬಾರದಿತ್ತು.

“ಏಳೂ ಸಿಡಿದಿದೆ. ನನ್ನ ಕಿವಿಯಾರೆ ಕೇಳಿದ್ದೇನೆ” ಎಂದರು ಚಿಕ್ಕಪ್ಪ.

“ಆರು” ಎಂದರು ಚಿಕ್ಕಮ್ಮ, ಸಾರು ಬಡಿಸುತ್ತಾ. “ಅವತ್ತು ಇವರ ತಂಗಿಯ ಮದುವೆ ಮಗಾ, ಇದೇ ಅಂಗಳದಲ್ಲಿ. ಇವರು ಕೇಳಿದ್ದು ಬೆಡಿ ಅಲ್ಲ, ಡೋಲು.”

“ನನಗೆ ಡೋಲಿಗೂ ಬೆಡಿಗೂ ವ್ಯತ್ಯಾಸ ಗೊತ್ತಾಗುದಿಲ್ವಾ?”

“ಉಪ್ಪಿಗೂ ಸಕ್ಕರೆಗೂ ಗೊತ್ತಾಗುದಿಲ್ಲ ನಿಮಗೆ.”

ಅಷ್ಟರಲ್ಲಿ ಪಕ್ಕದ ರಬ್ಬರ್ ತೋಟದ ಜೋಯಿ ಚೇಟ ಬಂದರು. ಕೇರಳದಿಂದ ಬಂದು ನೆಲೆಸಿದವರು, ಯಾರ ಜೊತೆಗೂ ಜಗಳ ಬೇಡ ಎನ್ನುವ ಮನುಷ್ಯ. “ಆರೂವರೆ” ಎಂದರು. “ಏಳನೇದು ಸಿಡಿದಿದೆ, ಪೂರ್ತಿ ಅಲ್ಲ.” ಅವರ ಪಕ್ಷದಲ್ಲಿ ಅವರೊಬ್ಬರೇ.

ಇದೆಲ್ಲ ತಮಾಷೆಯಾಗಿಯೇ ಉಳಿಯುತ್ತಿತ್ತು, ವಾಲಿಬಾಲ್ ಇಲ್ಲದಿದ್ದರೆ. ನಮ್ಮ ಕಡೆ ಸಪಾಟು ಜಾಗ ಎಲ್ಲಿದೆ ಹೇಳಿ? ಚಿಕ್ಕಪ್ಪ ಅಧ್ಯಕ್ಷರಾಗಿರುವ ಕ್ಲಬ್ಬಿನ ಹುಡುಗರು ಆಡುವುದು ಇಳಿಜಾರಿನಲ್ಲಿ. ಕೆಳಗಿನ ಕೋರ್ಟಿಗೆ ಹೋದ ತಂಡ ಸೋತಂತೆಯೇ. ಚೆಂಡು ತಪ್ಪಿದರೆ ಸೀದಾ ಕೆಳಗಿನ ತೋಡಿನ ನೀರಿಗೆ. ಊರಲ್ಲಿರುವ ಒಂದೇ ಒಂದು ಚಪ್ಪಟೆ ನೆಲ ಕೋರೆಯ ತಳ. ಮುಂದಿನ ಭಾನುವಾರ ಅಲ್ಲಿ ಆಡಲು ಗುತ್ತಿಗಾರಿನ ತಂಡವನ್ನೂ ಕರೆದಾಗಿದೆ. ಆದರೆ ಶೀನಣ್ಣ ಆಗದು ಎಂದಿದ್ದಾರೆ. ಶೀನಣ್ಣನ ಬಾವುಟ ದಾಟಿ ಕೋರೆಮೂಲೆಯಲ್ಲಿ ಇಷ್ಟರವರೆಗೆ ಒಬ್ಬನೂ ಹೋದದ್ದಿಲ್ಲ.

“ನೀನು ದೊಡ್ಡ ಸಂಶೋಧಕ ಅಲ್ವಾ? ನೀನೇ ಹೇಳು, ಆರಾ ಏಳಾ?” ಎಂದರು ಚಿಕ್ಕಪ್ಪ.

ನನ್ನ ತಲೆಯಲ್ಲಿ ಬಲ್ಬ್ ಹತ್ತಿತು. ಮದುವೆಯ ವಿಡಿಯೋ!

ಸಿ.ಡಿ. ಸಿಕ್ಕಿತು. ಕಂಪ್ಯೂಟರಿಗೆ ಹಾಕಿ, ಹೆಡ್‌ಫೋನ್ ಸಿಕ್ಕಿಸಿ ಕೂತೆ. (ಆಡಿಯೋ ಎಡಿಟಿಂಗ್ ನಾನು ಕಲಿತದ್ದು ಯೂಟ್ಯೂಬಿನಲ್ಲಿ. ಗುರು ಇಲ್ಲ, ಹಾಗಾಗಿ ಶಾಪ ಹಾಕುವವರೂ ಇಲ್ಲ.) ಧಾರೆಗೆ ತಯಾರಿ. ದೂರದಲ್ಲಿ ಧುಡುಂ. ಒಂದು. ಮದುಮಗ ಬೆಚ್ಚಿ ಬೀಳುತ್ತಾನೆ, ಅವನು ಅರಂತೋಡಿನವನು. ಊರವರು ಅಲ್ಲಾಡುವುದಿಲ್ಲ, ಬೆರಳು ಮಾತ್ರ ಮಡಚುತ್ತಾರೆ. ಭಟ್ಟರೂ! ಎರಡು, ಮೂರು, ನಾಲ್ಕು. ಐದು. ಆರು.

ಆಗ ಭಟ್ಟರು ಕೈ ಎತ್ತಿದರು. ಗಟ್ಟಿಮೇಳ!

ಡೋಲು, ನಾಗಸ್ವರ, ಅಕ್ಕಿಕಾಳು, ಗದ್ದಲ. ವೇಗ ಕಾಲು ಭಾಗಕ್ಕೆ ಇಳಿಸಿ ಕೇಳಿದೆ. ಸದ್ದಿನ ಗೆರೆಗಳನ್ನು ದೊಡ್ಡದು ಮಾಡಿ ನೋಡಿದೆ. ಡೋಲಿನ ಒಳಗೆ ಏನೋ ಇರುವ ಹಾಗೂ ಇದೆ, ಇಲ್ಲದ ಹಾಗೂ ಇದೆ.

“ನೋಡಿದ್ರಾ, ಆರು!” ಎಂದರು ಚಿಕ್ಕಮ್ಮ. “ಕೇಳ್ತಾ, ಏಳು!” ಎಂದರು ಚಿಕ್ಕಪ್ಪ. “ನಾನು ಹೇಳಿದ್ದು ಇದನ್ನೇ” ಎಂದರು ಜೋಯಿ ಚೇಟ.

ಸೋತು ಶೀನಣ್ಣನ ಹತ್ತಿರ ಹೋದೆ. “ಒಂದು ವೇಳೆ ಏಳೂ ಆಗಿದ್ರೆ?” ಎಂದೆ.

ಅವರು ಬಾವುಟ ಬಿಡಿಸಿ ಮತ್ತೆ ಮಡಚಿದರು. “ಆಗಿದ್ರೆ ಒಳ್ಳೇದೇ. ಹನ್ನೊಂದು ವರ್ಷ ನಾನು ಸುಮ್ಮನೆ ನಿಂತೆ ಅಂತ ಆಯ್ತು, ಅಷ್ಟೇ. ಆಗದಿದ್ರೆ?” ಮತ್ತೆ ತಾವೇ ಹೇಳಿದರು: “ಒಂದು ಕೆಲಸ ಮಾಡುವ. ಏಳು ಅನ್ನುವವರು ಆಡ್ಲಿ. ನಾನು ಅಡ್ಡ ಬರುದಿಲ್ಲ. ಏಳನೇ ಕುಳಿ ಇದ್ದ ಆ ಬಡಗು ಮೂಲೆಯ ಎದುರು ಬಾವುಟ ನೆಟ್ಟು ಬರ್ತೇನೆ. ದೂರದಲ್ಲೇ.”

ಕಳೆದ ಭಾನುವಾರ ಪಂದ್ಯ. ಕೋರೆಮೂಲೆ ತಂಡದ ಆರೂ ಜನ ಏಳರ ಪಕ್ಷದವರು. ಬೆಂಚಿನಲ್ಲಿ ಅಧ್ಯಕ್ಷರು. ಆರರ ಪಕ್ಷದವರು ಕೋರೆಯ ಮೇಲಿನ ಅಂಚಿನಲ್ಲಿ, ಚಿಕ್ಕಮ್ಮನ ಮುಂದಾಳತ್ವದಲ್ಲಿ, ಕಡ್ಲೆ ತಿನ್ನುತ್ತಾ. ಮೊದಲ ಸೆಟ್ ಗೆದ್ದೆವು! ಚಿಕ್ಕಪ್ಪ ಮೇಲೆ ನೋಡಿ ಏಳು ಬೆರಳು ತೋರಿಸಿದರು.

ಎರಡನೇ ಸೆಟ್ಟಿನಲ್ಲಿ ಗುತ್ತಿಗಾರಿನವನೊಬ್ಬ ಜೋರಾಗಿ ಹೊಡೆದ. ಚೆಂಡು ಬಂಡೆಗೆ ತಾಗಿ, ಪುಟಿದು, ಉರುಳಿ ಉರುಳಿ ಬಾವುಟದ ಬುಡ ದಾಟಿ ಬಡಗು ಮೂಲೆಯಲ್ಲಿ ಹೋಗಿ ನಿಂತಿತು.

ಯಾರೂ ಕದಲಲಿಲ್ಲ.

“ಎಂತ ಅಧ್ಯಕ್ಷರೇ, ಏಳು ಅಲ್ವಾ?” ಮೇಲಿನಿಂದ ಶೀನಣ್ಣನ ದನಿ.

“ಏಳೇ!” ಎಂದರು ಚಿಕ್ಕಪ್ಪ. “ಅದರಲ್ಲಿ ಸಂಶಯ ಇಲ್ಲ. ಆದ್ರೆ ಆ ಚೆಂಡು ಹಳೇದು ಮಾರಾಯ್ರೆ. ಗಾಳಿ ನಿಲ್ಲುದಿಲ್ಲ. ಹೊಸದು ತನ್ನಿ.”

ಪಂದ್ಯ ಮುಗಿಯುವಾಗ ಆ ಮೂಲೆಯಲ್ಲಿ ಮೂರು ಚೆಂಡುಗಳಿದ್ದವು. ಆಡಲು ನಾಲ್ಕನೆಯದು ಇರಲಿಲ್ಲ. ಫಲಿತಾಂಶ ಡ್ರಾ. (ವಾಲಿಬಾಲಿನಲ್ಲಿ ಡ್ರಾ ಇಲ್ಲ ಎಂದು ನನಗೂ ಗೊತ್ತು. ಕೋರೆಮೂಲೆಯಲ್ಲಿ ಇದೆ.) ಮರುದಿನ ಹನ್ನೆರಡೂವರೆಗೆ ಶೀನಣ್ಣ ಹೊಸ ಬಾವುಟ ಹಿಡಿದು ರಸ್ತೆಗೆ ಬಂದಾಗ ಎಲ್ಲರಿಗಿಂತ ಮೊದಲು ಸ್ಕೂಟರ್ ನಿಲ್ಲಿಸಿದ್ದು ಚಿಕ್ಕಪ್ಪ.

ಅಂದಿನಿಂದ ನನಗೊಂದು ಅಭ್ಯಾಸವಾಗಿದೆ. ಯಾರಾದರೂ ಮೇಜು ಕುಟ್ಟಿ, “ನೂರಕ್ಕೆ ನೂರು, ನನಗೆ ಗೊತ್ತುಂಟು” ಎಂದು ವಾದಕ್ಕೆ ನಿಂತರೆ ನಾನು ಕೇಳುವುದು ಒಂದೇ: ಆ ಚೆಂಡು ತಂದುಕೊಡ್ತೀರಾ?