ಪಾರವ್ವನ ದನಿಗೆ ಮೊದಲ ಜಾಗ

ಅತ್ತಿಗುಪ್ಪೆಯ ರೇವಂತನಿಗೆ ಅಪ್ಪ ಕಟ್ಟಿಸಿದ ಮೂರಂತಸ್ತಿನ ಮನೆಯಿತ್ತು, ನೆಲಮಹಡಿಯಲ್ಲಿ ತನ್ನದೇ ಬ್ರೌಸಿಂಗ್ ಸೆಂಟರಿತ್ತು, ತಿಂಗಳಾದರೆ ಬಾಡಿಗೆ ಬರುತ್ತಿತ್ತು. ಕೂತು ಉಣ್ಣುವವನಿಗೆ ಇನ್ನೇನು ಬೇಕು? ಹೆಸರು ಬೇಕಿತ್ತು. ಎರಡು ಸಾವಿರದ ಐದರ ಸುಮಾರಿಗೆ ಅದೂ ಸಿಕ್ಕಿತು, ಒಂದು ಹಳೆಯ ರೋಲ್ ಪ್ಲೇಯಿಂಗ್ ಆಟದ ದಯದಿಂದ.

ಗುಂಪು ಕಟ್ಟಿಕೊಂಡು ಊರೂರು ಅಲೆಯುವ, ಗುಹೆ ಹೊಕ್ಕು ಬಡಿದಾಡುವ ಕಂಪ್ಯೂಟರ್ ಆಟ ಅದು. ಮಾಡಿದ ಕಂಪನಿ ಎಂದೋ ಕೈಬಿಟ್ಟಿದ್ದರೂ ಅಭಿಮಾನಿಗಳು ಬಿಟ್ಟಿರಲಿಲ್ಲ. ಹೊಸ ಊರು, ಹೊಸ ಜೊತೆಗಾರರು, ಹೊಸ ದನಿ ಎಂದು ಏನೇನೋ ಸೇರಿಸಿ ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಅವಕ್ಕೆ ಮಾಡ್ ಎಂದು ಹೆಸರು. ಹತ್ತಾರು ಮಾಡ್‌ಗಳನ್ನು ಒಂದರ ಮೇಲೊಂದು ಹಾಕುವಾಗ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ತಪ್ಪಿದರೆ ಆಟ ಕೆಟ್ಟು ಕೆರ ಹಿಡಿಯುತ್ತಿತ್ತು. ಆ ಸರದಿ ಗೊತ್ತುಮಾಡುವುದರಲ್ಲಿ ರೇವಂತ ಪಳಗಿದ ಕೈ. ಹೆಗ್ಗನಹಳ್ಳಿಯ ಹುಡುಗರು ಕೂಡ ಸಿಪಿಯು ತಬ್ಬಿಕೊಂಡು ಬೈಕಿನಲ್ಲಿ ಬರುತ್ತಿದ್ದರು. "ಗುರು, ಆರ್ಡರ್ ಹೇಳು" ಎಂದರೆ ಇವನು ಜಾತಕ ನೋಡುವ ಜೋಯಿಸರ ಹಾಗೆ ಗದ್ದ ಕೆರೆದುಕೊಂಡು, ಸಾಕಷ್ಟು ಸತಾಯಿಸಿಯೇ ಹೇಳುತ್ತಿದ್ದ.

ತಾರಸಿಯ ರೂಮಿನಲ್ಲಿ ಬಾಡಿಗೆಗಿದ್ದ ರುದ್ರೇಶ ಜಮಖಂಡಿ ಕಡೆಯವನು, ಕೊರಿಯರ್ ಹಂಚುವ ಕೆಲಸದವನು. ಸಂಜೆ ರೇವಂತನ ಪಕ್ಕ ಕೂತು ಆಟ ಕಲಿತ, ಮಾಡ್ ಕಟ್ಟುವುದನ್ನೂ ಕಲಿತ. ದೀಪಾವಳಿಗೆ ತಾಯಿ ಪಾರವ್ವ ಬಂದಾಗ ಅವಳ ಮುಂದೆ ಮೈಕು ಹಿಡಿದು ಮಾತಾಡಿಸಿದ. ಆಟದಲ್ಲಿ ಒಂದು ಛತ್ರವಿದೆ. ಅದರ ಒಡತಿಯ ಇಂಗ್ಲಿಷ್ ದನಿ ತೆಗೆದು ಅವ್ವನ ದನಿ ಇಟ್ಟ: "ಬಾ ಯಪ್ಪಾ, ಹಸದು ಬಂದೀಯೇನ? ಕೈಕಾಲ ತೊಳಕೋ, ರೊಟ್ಟಿ ಬಡೀತೀನಿ."

ಕೇಳಿದ ಹುಡುಗರು ಬಿದ್ದು ಬಿದ್ದು ನಕ್ಕರು. ಗೇಲಿಯ ನಗುವಲ್ಲ, ಖುಷಿಯದು. "ಸಖತ್ತಾಗಿದೆ ಮಗಾ! ಎಲ್ಲರ ಸಿಸ್ಟಮ್‌ಗೂ ಇದನ್ನ ಹಾಕ್ಬೇಕು" ಎಂದ ಅವರಲ್ಲೊಬ್ಬ, ನಾಗರಾಜು.

ರೇವಂತನ ಹೊಟ್ಟೆಗೆ ಕಿಚ್ಚು ಬಿತ್ತು. ತನ್ನ ಅಂಗಡಿಯಲ್ಲಿ, ತಾನೇ ಅ ಆ ಇ ಈ ಕಲಿಸಿದವನಿಗೆ ಹೊಗಳಿಕೆ! ರೊಟ್ಟಿ ಬಡಿಯುವ ಮಾತು ಸೇರಿದರೆ ಆಟದ ಘನತೆ ಹಾಳಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೊಟ್ಟೆಕಿಚ್ಚು ಎಂದಾದರೂ ತನ್ನ ಹೆಸರು ತಾನೇ ಹೇಳುತ್ತದೆಯೆ?

ಎಲ್ಲರಿಗೂ ಹೊಂದುವ ಒಂದೇ ಸರದಿ ಮಾಡೋಣವೆಂದು ಹುಡುಗರು ಕೂತರು. ಇದರಲ್ಲಿ ಒಂದು ನಿಯಮವುಂಟು. ಒಂದೇ ದನಿಯನ್ನು ಎರಡು ಮಾಡ್‌ಗಳು ಬದಲಿಸಿದರೆ ಆಮೇಲೆ ಹಾಕಿದ್ದು ಉಳಿಯುತ್ತದೆ, ಮೊದಲು ಹಾಕಿದ್ದು ಅಳಿಸಿಹೋಗುತ್ತದೆ. ಹೊರದೇಶದ ಒಂದು ದೊಡ್ಡ ಮಾಡ್ ಛತ್ರದ ಒಡತಿಯ ದನಿಯನ್ನೂ ಬದಲಿಸುತ್ತಿತ್ತು. ಇದು ಗೊತ್ತಿದ್ದವನು ರೇವಂತ ಒಬ್ಬನೇ.

ಅವನ ಮನೆಯಲ್ಲಿ ಯಾವ ಶುಭಕಾರ್ಯವಾದರೂ ಮೊದಲ ವೀಳ್ಯ ತಾತ ಮುನಿವೆಂಕಟಪ್ಪನಿಗೆ. ಒಮ್ಮೆ ಅದು ತಪ್ಪಿದ್ದಕ್ಕೆ ಚಿಕ್ಕಪ್ಪನ ಮನೆಯವರೊಂದಿಗೆ ಮಾತೇ ನಿಂತಿತ್ತು. ಮೊದಲ ಸ್ಥಾನ ಎಂದರೆ ಜನ ಹೇಗೆ ಕರಗುತ್ತಾರೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮೊದಲನೇ ಜಾಗ ನಿಮ್ಮಮ್ಮಂಗೆ ಕಣೋ ರುದ್ರೇಶ" ಎಂದ. "ದೊಡ್ಡೋರಿಗೆ ತಾನೆ ಮೊದಲ ಮರ್ಯಾದೆ?"

ರುದ್ರೇಶನ ಕಣ್ಣು ತುಂಬಿದವು. "ಅಣ್ಣಾರ, ಇಷ್ಟು ದೊಡ್ಡ ಮರ್ಯಾದಿ ನಮ್ಮವ್ವಗ ಯಾರೂ ಕೊಟ್ಟಿಲ್ರೀ."

ಅವತ್ತೇ ಊರಿಗೆ ಫೋನು ಹೋಯಿತು. ಆ ಸರದಿಯಂತೆ ಎಲ್ಲವನ್ನೂ ಹಾಕಿ ಹೊಸದಾಗಿ ಶುರುಮಾಡಿದ ಆಟದಲ್ಲಿ ಯಾರೂ ಛತ್ರದವರೆಗೆ ಮುಟ್ಟುವ ಮೊದಲೇ ಪಾರವ್ವ ಬಸ್ಸು ಹತ್ತಿ ಬಂದುಬಿಟ್ಟಳು. ಇಳಕಲ್ ಸೀರೆ ಉಟ್ಟು ಬ್ರೌಸಿಂಗ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ರುದ್ರೇಶ ಆಟದ ತನ್ನ ಗುಂಪನ್ನು ಛತ್ರದೊಳಕ್ಕೆ ನಡೆಸಿದ. ಒಡತಿ ಬಾಯಿ ತೆರೆದಳು. ಬಂದದ್ದು ಇಂಗ್ಲಿಷ್. ಹೊರಗೆ ಹೋಗಿ ಮತ್ತೆ ಬಂದ. ಮತ್ತೆ ಇಂಗ್ಲಿಷ್.

"ನಾನ ಏನೋ ತಪ್ಪು ಮಾಡೇನ್ರೀ ಅಣ್ಣಾರ" ಎಂದ, ಮುಖ ಸಣ್ಣದು ಮಾಡಿಕೊಂಡು.

"ಇರ್ಲಿ ಬಿಡೋ" ಎಂದಳು ಪಾರವ್ವ. "ನನ್ನಂಥಾಕೀನ ಎಲ್ಲಾರಗಿಂತ ಮದಲ ಕುಂದ್ರಿಸ್ಯಾರ, ಅಷ್ಟ ಸಾಕು." ಹಾಗೆಂದು, ಮಗನ ವಯಸ್ಸಿನ ರೇವಂತನಿಗೆ ಎರಡೂ ಕೈ ಜೋಡಿಸಿದಳು.

ರೇವಂತನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಇಂಥ ನಾಚಿಕೆಯನ್ನು ಅವನು ಜನ್ಮದಲ್ಲಿ ಪಟ್ಟಿರಲಿಲ್ಲ. ರುದ್ರೇಶನನ್ನು ಎಬ್ಬಿಸಿ ತಾನು ಕೂತ. ಹಾಕಿದ್ದೆಲ್ಲವನ್ನೂ ತೆಗೆದು ಹೊಸದಾಗಿ ಹಾಕುತ್ತ ಹೋದ. ಪಾರವ್ವನ ದನಿಯನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದ.

"ಬಾ ಯಪ್ಪಾ, ಹಸದು ಬಂದೀಯೇನ?" ಎಂದಳು ಛತ್ರದ ಒಡತಿ.

"ಅಯ್ಯ ಶಿವನ, ನಂದ ದನಿ!" ಪಾರವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಇನ್ನೊಮ್ಮೆ ಹಚ್ರೀ!"

ರುದ್ರೇಶ ನಗಲಿಲ್ಲ. ರೇವಂತನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: "ಕಡೀಗೆ ಹಾಕಿದ್ರ ಬರ್ತಿತ್ತೇನ್ರಿ?"

"ಹೂಂ."

"ಇದು ನಿಮಗ ಮದಲ ಗೊತ್ತಿತ್ತೇನ್ರಿ?"

ಇಲ್ಲ ಎಂದಿದ್ದರೆ ರುದ್ರೇಶ ನಂಬುತ್ತಿದ್ದ. ಆದರೆ ಆ ಜೋಡಿಸಿದ ಕೈ ಕಂಡ ಮೇಲೆ ರೇವಂತನಿಗೆ ಸುಳ್ಳು ನಾಲಿಗೆಗೆ ಬರಲಿಲ್ಲ. "ಗೊತ್ತಿತ್ತು ಕಣೋ. ಬೇಕಂತಲೇ ಮಾಡಿದೆ."

ಪಾರವ್ವನಿಗೆ ಇದೊಂದೂ ಕೇಳಿಸಲಿಲ್ಲ. ತನ್ನ ದನಿಯನ್ನು ಮತ್ತೆ ಮತ್ತೆ ಕೇಳಿ, ಸಾಕಾದ ಮೇಲೆ ಎದ್ದಳು. "ಇಂಥಾ ಮಂದಿ ಆಸರಾ ಐತಿ ಅಂದ್ರ ನನ್ನ ಜೀವಕ್ಕ ಸಮಾಧಾನ. ಹೌದಲ್ಲೇನೋ ರುದ್ರ್ಯಾ?"

ರೇವಂತ ಕೀಬೋರ್ಡಿನಿಂದ ಕಣ್ಣು ಎತ್ತಲಿಲ್ಲ. ಈಗ ರುದ್ರೇಶ ಎಲ್ಲ ಹೇಳಿಬಿಡುತ್ತಾನೆ ಎಂದುಕೊಂಡ. ಹೇಳಿ ಉಗಿದರೇ ಒಳ್ಳೆಯದು ಎಂದೂ ಅನ್ನಿಸಿತು.

"ಹೌದಬೇ ಯವ್ವಾ. ಅಣ್ಣಾರು ಭಾಳ ಛಲೋ ಮನಷ್ಯಾರು" ಎಂದ ರುದ್ರೇಶ, ಅವನ ಕಡೆ ನೋಡದೆ, ತಾಯಿಯ ಕೈ ಹಿಡಿದು ಮೆಟ್ಟಿಲು ಹತ್ತುತ್ತ.