ಉಳಿದರ್ಧ ನೀವು ಹೇಳಿ

ಟಕ್.

ಬೀದಿನಾಯಿಗಳೂ ಬೊಗಳಿ ಸುಸ್ತಾಗಿ ಮಲಗಿರುವ ಹೊತ್ತು. ಟ್ಯುಟೋರಿಯಲ್ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಐವತ್ತು ದಾಟಿದ ಹೆಂಗಸೊಬ್ಬರು ಸೀಮೆಸುಣ್ಣದ ಕಡ್ಡಿಗಳನ್ನು ಒಂದೊಂದಾಗಿ ಎರಡು ತುಂಡು ಮಾಡುತ್ತಿದ್ದಾರೆ. ಮತ್ತೆ ಟಕ್. ಒಂದು ತುಂಡು ತಮಗೆ, ಇನ್ನೊಂದು ಬರುವವರ ಕೈಗೆ. ಹಲಗೆಯ ನಡುವೆ ಮೇಲಿಂದ ಕೆಳಗೆ ಗೆರೆ ಎಳೆದಾಗಿದೆ. ಎಡಭಾಗ ಟೀಚರದ್ದು, ಬಲಭಾಗ ಕಲಿಯುವವರದ್ದು.

ಬೆಳಕು ಹರಿಯುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಕೇಳಿಸುತ್ತದೆ. ರಾತ್ರಿ ಪಾಳಿ ಮುಗಿಸಿದ ಆಸ್ಪತ್ರೆಯ ಆಯಾ, ಬ್ರೆಡ್ ಸಾಗಿಸುವ ವ್ಯಾನಿನ ಚಾಲಕರು, ಹೋಟೆಲಿನಲ್ಲಿ ಹಾಸಿಗೆ ಹೊದಿಕೆ ಬದಲಿಸುವ ಅಕ್ಕತಂಗಿಯರು ಒಬ್ಬೊಬ್ಬರಾಗಿ ಬರುತ್ತಾರೆ. ಎಲ್ಲರಿಗಿಂತ ಹಿಂದೆ ಲಿಫ್ಟ್ ನಡೆಸುವವರು. ಅರ್ಧ ಆಯುಸ್ಸು ಲಿಫ್ಟಿನಲ್ಲೇ ಮೇಲೆ ಕೆಳಗೆ ಹೋದ ಮನುಷ್ಯ, ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾರೆ.

“ಏನಣ್ಣಾ, ಲಿಫ್ಟ್ ಕೆಟ್ಟೋಯ್ತಾ?” ಎಂದು ಆಯಾ ಕೇಳುತ್ತಾರೆ.

“ಕರೆಂಟ್ ಇದೆಯಮ್ಮಾ, ಹಗ್ಗ ಸವೆದಿದೆ” ಎಂದು ಅವರು ಎದೆ ಮುಟ್ಟಿ ತೋರಿಸುತ್ತಾರೆ.

“ಐ ವಿಲ್ ಕಮ್ ಇಫ್...” ಟೀಚರ್ ಶುರು ಮಾಡಿ, ನಡುವೆ ನಿಲ್ಲಿಸುತ್ತಾರೆ. ಅಂಗೈ ಮೇಲಾಗಿ ಬಲಗೈ ಮುಂದಕ್ಕೆ ಚಾಚಿಕೊಳ್ಳುತ್ತದೆ.

“ಐ ಕ್ಯಾನ್!” ಎಂದು ಕೋಣೆ ಕೂಗುತ್ತದೆ.

“ಪ್ಲೀಸ್ ವೇಟ್ ಬಿಕಾಸ್...” ಈಗ ಕೈ ಲಿಫ್ಟಿನವರ ಕಡೆಗೆ.

“ದ ಲಿಫ್ಟ್ ಮೇ ಸ್ಟಾಪ್.”

“ಹಾಗಂದ್ರೆ ಯಾರ್ ಹತ್ತುತಾರಣ್ಣಾ ನಿಮ್ ಲಿಫ್ಟು!” ಎನ್ನುತ್ತಾರೆ ವ್ಯಾನಿನವರು. ಆಯಾ ನಗುತ್ತ ನಗುತ್ತ ಆಕಳಿಸುತ್ತಾರೆ.

ಇದು ಅವರ ಕಲಿಸುವ ರೀತಿ. ಇಂಗ್ಲಿಷಿನ ವಾಕ್ಯ ಎರಡು ಕೋಣೆಯ ಮನೆ ಎನ್ನುತ್ತಾರೆ ಟೀಚರ್. ಇಫ್, ಬಿಕಾಸ್, ವೆನ್, ಬಟ್ ಇವೆಲ್ಲ ನಡುವಿನ ಹೊಸ್ತಿಲು. “ಹೊಸ್ತಿಲವರೆಗೆ ಎಲ್ಲರೂ ಬರ್ತಾರೆ. ದಾಟೋದೇ ಕಷ್ಟ. ದಾಟಿದ್ಮೇಲೆ ಸುಮ್ನೆ ನಿಲ್ಲೋ ಹಾಗಿಲ್ಲ ನೋಡಿ. ನನ್ನಿಂದ ಆಗತ್ತಾ, ಆಗಲೇಬೇಕಾ, ಆಗಬಹುದಾ, ಅದನ್ನ ಹೇಳ್ಬೇಕು. ಕ್ಯಾನ್, ಮಸ್ಟ್, ಮೇ, ಶುಡ್. ಮನುಷ್ಯರ ಕಷ್ಟಸುಖ ಎಲ್ಲಾ ಈ ಪುಟ್ಟ ಪದಗಳಲ್ಲೇ ಇರೋದು.”

ಆಯಾಗೆ ಅದರ ಬೆಲೆ ಗೊತ್ತು. ಪರಭಾಷೆಯ ರೋಗಿಗಳ ಕಡೆಯವರಿಗೆ ಮೊದಲೆಲ್ಲ ಅವರು “ಡಾಕ್ಟರ್ ಕಮ್” ಎಂದಷ್ಟೇ ಹೇಳುತ್ತಿದ್ದರು. “ಪಾಪ, ಬಾಗಿಲು ನೋಡ್ಕೊಂಡೇ ಕೂತಿರ್ತಿದ್ರು. ಡಾಕ್ಟ್ರು ಬರ್ದೇ ಇದ್ರೆ ಬೈಗುಳ ನಂಗೆ. ಈಗ ‘ಹಿ ವಿಲ್ ಕಮ್ ವೆನ್ ಹಿ ಕ್ಯಾನ್’ ಅಂತೀನಿ. ಕೈ ಬಿಡುವಾದಾಗ ಬರ್ತಾರೆ ಅಂತ. ಡಾಕ್ಟ್ರು ಬರೋದೇನೂ ಬೇಗ ಆಗಿಲ್ಲ. ಬೈಗುಳ ಮಾತ್ರ ಕಮ್ಮಿಯಾಗಿದೆ.”

ಮೊದಲರ್ಧವನ್ನಷ್ಟೇ ಹೇಳಿ ಕೈ ಚಾಚುವ ಟೀಚರಿಗೆ ಕ್ಲಾಸಿನವರು ಇಟ್ಟ ಹೆಸರು ಅರ್ಧಕ್ಕ. ಮುಖದೆದುರೇ ಕರೆಯುತ್ತಾರೆ. ಟೀಚರಿಗೆ ಅದು ಹಿಡಿಸಿತ್ತು. ಈ ಚಳಿಗಾಲದ ತನಕ.

ಪದವಿ ಮುಗಿಸಿ, ಮದುವೆಯಾಗಿ ತುಂಬಿದ ಮನೆಗೆ ಬಂದವರು ಅವರು. ಹಗಲು ಹೊತ್ತು ಪರೀಕ್ಷೆಗೆ ಕೂರುವ ಮಕ್ಕಳಿಗೆ ಪಾಠ ಹೇಳಲು ಟ್ಯುಟೋರಿಯಲ್‌ನಲ್ಲಿ ಬೇರೆಯವರಿದ್ದರು. ಬೆಳಗಿನ ಜಾವ ಕೋಣೆ ಖಾಲಿ ಬಿದ್ದಿರುತ್ತದಲ್ಲ ಎಂದು ಅಂದಿನ ಮಾಲೀಕರನ್ನು ಕೇಳಿ, ಕೀಲಿಕೈ ಪಡೆದರು. ಮನೆಯವರು ಏಳುವಷ್ಟರಲ್ಲಿ ಪಾಠ ಮುಗಿಸಿ ಹಿಂತಿರುಗಿ ಒಲೆ ಹಚ್ಚಬೇಕೆಂಬುದು ಅತ್ತೆಯೊಂದಿಗೆ ಆದ ಒಪ್ಪಂದ. ಅತ್ತೆ ತೀರಿಕೊಂಡರೂ ಆ ಒಪ್ಪಂದ ಸಡಿಲವಾಗಿಲ್ಲ. ಅದೇ ಅಡುಗೆಮನೆಯಲ್ಲಿ ಅವರ ಓರಗಿತ್ತಿ ಇದ್ದಾರೆ, ಮಾತಿನ ಮಲ್ಲಿ. “ಊರವರಿಗೆಲ್ಲ ಮಾತು ಕಲಿಸ್ತಾಳೆ ನಮ್ಮ ಮಹರಾಯಿತಿ. ಹಾಲಿನವನ ಹತ್ರ ಜಗಳ ಆಡೋಕೆ ಮಾತ್ರ ನಾನೇ ಬೇಕು!”

ಓರಗಿತ್ತಿ ತಮಾಷೆಗೆ ಹೇಳಿದರೂ ಮಾತು ಸುಳ್ಳಲ್ಲ. ಅಪರಿಚಿತರು ಎದುರಾದರೆ ಟೀಚರ್ ಓರಗಿತ್ತಿಯನ್ನೇ ಮುಂದೆ ಬಿಡುತ್ತಾರೆ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದಾರೆ. ಆ ಕೋಣೆಯ ಹೊರಗೆ ಒಬ್ಬರೊಂದಿಗೂ ಇಂಗ್ಲಿಷಿನಲ್ಲಿ ಮಾತಾಡಿಲ್ಲ.

ಈ ಚಳಿಗಾಲದಲ್ಲಿ ಟ್ಯುಟೋರಿಯಲ್ ಕೈ ಬದಲಾಯಿತು. ಹೊಸ ಮ್ಯಾನೇಜರ್ ಬೇರೆ ದೇಶದ ಹೆಂಗಸು, ಇಲ್ಲಿನ ಭಾಷೆ ಬಾರದವರು. ಪ್ರತಿಯೊಬ್ಬ ಟೀಚರನ್ನೂ ತಾವೇ ಮಾತಾಡಿಸುವೆ, ಸರಿ ಕಂಡವರಿಗೆ ಮಾತ್ರ ಕೋಣೆ ಎಂದರು. ಬೆಳಗಿನ ಕ್ಲಾಸು ಉಳಿಯುವುದೂ ಮುಚ್ಚುವುದೂ ಆ ಒಂದು ಭೇಟಿಯ ಮೇಲೆ ನಿಂತಿತು. ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ಓರಗಿತ್ತಿ ಮಣೆಯ ಮೇಲೆ ಕೂತು, ಸೌಟು ಹಿಡಿದು ಮ್ಯಾನೇಜರಾದರು. “ಕೇಳ್ತೀನಿ ಹೇಳು. ನಿನ್ನನ್ನ ಯಾಕೆ ಇಟ್ಕೋಬೇಕು?” ಟೀಚರ್ ಎರಡೂ ಅರ್ಧ ಸೇರಿಸಿ ಸರಾಗವಾಗಿ ಹೇಳಿದರು. “ಏನೂ ಅರ್ಥವಾಗ್ಲಿಲ್ಲ ಕಣೇ. ಚೆನ್ನಾಗಿತ್ತು. ಪಾಸ್!”

ಮ್ಯಾನೇಜರರ ಕಚೇರಿ ಇರುವುದು ಲಿಫ್ಟಿನವರು ಕೆಲಸ ಮಾಡುವ ಕಟ್ಟಡದಲ್ಲೇ. ಅಂದು ಟೀಚರನ್ನು ಮೇಲೆ ಕರೆದೊಯ್ದವರು ಅವರೇ. “ಹೆದರ್ಬೇಡಿ ಅಕ್ಕಾ. ನಮ್ಗೇ ಬರತ್ತೆ ಅಂದ್ಮೇಲೆ ನಿಮ್ಗೆ ಬರಲ್ವಾ?” ಎಂದರು. ಇಳಿಯುವ ಗಾಬರಿಯಲ್ಲಿ ಟೀಚರ್ ಛತ್ರಿಯನ್ನು ಲಿಫ್ಟಿನಲ್ಲೇ ಬಿಟ್ಟರು.

ಮ್ಯಾನೇಜರ್ ನಗುಮುಖದವರು. ಕುರ್ಚಿ ತೋರಿಸಿದರು, ನೀರು ಕೊಟ್ಟರು. ಅಷ್ಟು ಬೆಳಿಗ್ಗೆ ಕ್ಲಾಸೇಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ದೇ ಕಮ್ ಅರ್ಲಿ ಬಿಕಾಸ್...”

ಅಲ್ಲಿಗೆ ನಿಂತಿತು. ಉತ್ತರ ಗೊತ್ತಿಲ್ಲದೆ ಅಲ್ಲ. ಬಲಗೈ ತನ್ನಷ್ಟಕ್ಕೆ ಮೇಲೆದ್ದು, ಅಂಗೈ ತೆರೆದು, ಮೇಜಿನಾಚೆಗೆ ಚಾಚಿಕೊಂಡಿತ್ತು. ಉಳಿದರ್ಧ ನೀವು ಹೇಳಿ ಎಂಬಂತೆ. ಆ ಕೈಯನ್ನು ಟೀಚರ್ ತಾವೇ ಬೇರೆ ಯಾರದೋ ಎಂಬಂತೆ ನೋಡಿದರು. ಮ್ಯಾನೇಜರ್ ಕಾದರು, ಪೆನ್ನು ಕೆಳಗಿಟ್ಟರು, ಏನಾದರೂ ಬೇಕೇ ಎಂಬಂತೆ ಮುಂದಕ್ಕೆ ಬಾಗಿದರು. ಕೈ ಇಳಿಯಲಿಲ್ಲ.

“ದೇ ಮಸ್ಟ್ ಗೋ ಟು ವರ್ಕ್, ಮೇಡಂ.”

ದನಿ ಬಂದದ್ದು ಬಾಗಿಲಿಂದ. ಲಿಫ್ಟಿನವರು ಛತ್ರಿ ಹಿಡಿದು ನಿಂತಿದ್ದರು. ಯಾರಿವರು ಎಂದು ಮ್ಯಾನೇಜರ್ ಕೇಳಿದರು. ಅಕ್ಕನ ವಿದ್ಯಾರ್ಥಿ ಎಂದು ಅವರೇ ಇಂಗ್ಲಿಷಿನಲ್ಲಿ ಹೇಳಿದರು. ಮ್ಯಾನೇಜರರ ಮುಖ ಅರಳಿತು. ಓಹೋ, ಪಾಠದ ರೀತಿಯನ್ನು ತೋರಿಸಲೆಂದೇ ವಿದ್ಯಾರ್ಥಿಯನ್ನು ಕರೆತಂದಿರಾ? ಮೊದಲರ್ಧ ನಿಮ್ಮದು, ಎರಡನೆಯದು ಅವರದು, ಅಲ್ಲವೇ?

ಅಲ್ಲ ಎನ್ನಬಹುದಿತ್ತು. ಲಿಫ್ಟಿನವರು ಛತ್ರಿಯ ಹಿಡಿ ನೋಡುತ್ತ ನಿಂತಿದ್ದರು.

“ಯೆಸ್” ಎಂದರು ಟೀಚರ್.

ಕೋಣೆ ಉಳಿಯಿತು. ಅಷ್ಟೇ ಅಲ್ಲ, ಟ್ಯುಟೋರಿಯಲ್‌ನ ಮೊಗಸಾಲೆಯಲ್ಲಿ ಟೀಚರ ಫೋಟೋ ಬಂತು. ಹೆದರಿದ ಮುಖ, ಕೆಳಗೆ ಅವರ ‘ಅರ್ಧ ವಾಕ್ಯದ ವಿಧಾನ’ದ ಬಗ್ಗೆ ನಾಲ್ಕು ಸಾಲಿನ ಹೊಗಳಿಕೆ. ಟೀಚರ್ ಈಗ ಆ ಗೋಡೆಯ ಬಳಿ ಬರುವಾಗ ಸೆರಗು ಸರಿಮಾಡುವ ನೆಪದಲ್ಲಿ ಮುಖ ತಿರುಗಿಸುತ್ತಾರೆ. ಕ್ಲಾಸಿನವರು ಅರ್ಧಕ್ಕ ಎಂದು ಕೂಗಿದರೆ ಕಿವಿ ಬಿಸಿಯಾಗುತ್ತದೆ.

“ಮಾತು ನಿಂತಿದ್ದಕ್ಕೆ ನಾಚಿಕೆ ಇಲ್ಲ. ಯಾರಿಗಾದ್ರೂ ನಿಲ್ಲತ್ತೆ” ಎನ್ನುತ್ತಾರೆ, ಬೆರಳ ತುದಿಯ ಸುಣ್ಣ ಒರೆಸಿಕೊಳ್ಳುತ್ತ. “ಇವರೆಲ್ಲ ಇಲ್ಲಿಗೆ ಯಾಕೆ ಬರ್ತಾರೆ ಹೇಳಿ? ಎಲ್ಲದಕ್ಕೂ ಯೆಸ್ ಸರ್, ಯೆಸ್ ಮೇಡಂ ಅಂದು ಅಂದು ಸಾಕಾಗಿ. ಅದನ್ನ ದಾಟಿಸ್ತೀನಿ ಅಂತ ಕೂತವಳು ನಾನು. ನಾನೇ ಯೆಸ್ ಅಂದು ಬಂದೆ. ಲಿಫ್ಟಿನವರು ಹೇಳಿದ ಮಾತಿಗೆ ಬಂದ ಹೊಗಳಿಕೆ ನನ್ನ ಫೋಟೋ ಕೆಳಗಿದೆ.”

ಇದನ್ನು ಪತ್ರಿಕೆಯಲ್ಲಿ ಬರೆಯಲೇಬೇಕು ಎಂದು ನನಗೆ ಹೇಳಿದವರೂ ಅವರೇ. ಕ್ಲಾಸಿನ ಎದುರು ನಿಂತು ಹೇಳಲು ಎರಡು ಸಲ ಹೊರಟರಂತೆ. “ನಾಲಿಗೆ ಹೊಸ್ತಿಲಿಗೆ ಬಂದು ಕೂತ್ಬಿಡತ್ತೆ. ಪೇಪರಲ್ಲಾದ್ರೂ ಪೂರ್ತಿ ವಾಕ್ಯ ಇರ್ಲಿ.”

ಈಗ ದಿನವೂ ಮನೆಗೆ ಮರಳುವ ದಾರಿಯಲ್ಲಿ, ಹೋಟೆಲಿನ ಮುಂದೆ ಬಸ್ಸಿಗೆ ಕಾಯುವ ಪ್ರವಾಸಿಗಳಲ್ಲಿ ಒಬ್ಬರಿಗಾದರೂ ಒಂದು ವಾಕ್ಯ ಹೇಳುತ್ತಾರೆ. ಕೈಗಳೆರಡನ್ನೂ ಚೀಲದ ಹಿಡಿಗೆ ಬಿಗಿಯಾಗಿ ಸುತ್ತಿಕೊಂಡು, ಪೂರ್ತಿ ಹೇಳುತ್ತಾರೆ. ಮೊನ್ನೆ ಒಬ್ಬ ಅಜ್ಜಿ “ಥ್ಯಾಂಕ್ಯೂ” ಎಂದರಂತೆ. ಅದನ್ನು ಹೇಳುವಾಗಲೂ ಅವರಿಗೆ ನಾಚಿಕೆ.

ಪಾಠ ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಬೆಳಕಾಗಿದೆ. ಆಯಾ ಎದ್ದು ಲಿಫ್ಟಿನವರ ಕುರ್ಚಿಗೆ ಒರಗಿ ನಿಲ್ಲುತ್ತಾರೆ. “ಅಣ್ಣಾ, ಅವತ್ತು ಮೇಲ್ಗಡೆ ನೀವೂ ಇದ್ರಂತೆ? ಅರ್ಧಕ್ಕ ಹೇಗ್ ಮಾತಾಡಿದ್ರು, ಒಂಚೂರು ಹೇಳಿ. ನಮ್ಗೂ ಕೇಳ್ಬೇಕು ಅಂತ ಆಸೆ.”

ಹಲಗೆ ಒರೆಸುತ್ತಿದ್ದ ಟೀಚರ ಕೈ ಗೆರೆಯ ಮೇಲೆ ನಿಲ್ಲುತ್ತದೆ. ಅವರು ತಿರುಗುವುದಿಲ್ಲ.

“ನಾನು ಛತ್ರಿ ಕೊಡೋಕೆ ಹೋಗಿದ್ದೆ ಕಣಮ್ಮಾ” ಎನ್ನುತ್ತಾರೆ ಲಿಫ್ಟಿನವರು. “ಕೊಟ್ಟೆ, ಬಂದೆ.”

“ಏನೂ ಕೇಳಿಸ್ಲಿಲ್ವಾ?”

“ಲಿಫ್ಟಿನ ಬೆಲ್ ಹೊಡೀತಿತ್ತು. ಅದು ಕೇಳಿಸ್ತು.” ಅವರು ತಮ್ಮ ಅರ್ಧ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ, ಅಂಗಿಯ ಗುಂಡಿ ಸರಿಮಾಡಿಕೊಂಡು, ಮೆಟ್ಟಿಲಿಳಿಯಲು ಹೊರಡುತ್ತಾರೆ. ಮನೆಯಲ್ಲಿ ಹೆಂಡತಿ ಕೇಳಿದಾಗಲೂ ಅವರು ಛತ್ರಿಯ ಮಾತನ್ನಷ್ಟೇ ಹೇಳಿದ್ದಾರೆ. ಮುಂದೆ ಯಾರು ಕೇಳಿದರೂ ಅಷ್ಟೇ.